ನಾಲ್ಕನೇ ಮಹಡಿಯ ಲಿಫ್ಟ್‌ಮನ್

ಊರಿನ ಅರ್ಧ ಲಿಫ್ಟುಗಳ ನಾಡಿ ಹಿಡಿದು ನೋಡುವವನ ಮನೆ, ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿತ್ತು. ಇದನ್ನು ಕೇಳಿ ನಗದವರಿಲ್ಲ. ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ಬೇರೆಯವರು ಬಾಯಿ ತೆರೆಯುವ ಮುಂಚೆ ತಾನೇ ನಕ್ಕುಬಿಟ್ಟರೆ ಮಾನ ಸ್ವಲ್ಪವಾದರೂ ಉಳಿಯುತ್ತದೆ ಎಂದು. ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ಬ್ರೇಕ್ ನೋಡುತ್ತೇನೆಂದು ಕ್ಯಾಬಿನ್ನಿನೊಳಗೆ ನಿಂತು, ಕರೆಂಟ್ ತೆಗೆಯಲು ಮೇಲಿದ್ದವನಿಗೆ ತಾನೇ ಕೂಗಿ ಹೇಳಿ, ಐದನೇ ಮಹಡಿಗೂ ಆರಕ್ಕೂ ನಡುವೆ ಸಿಕ್ಕಿಕೊಂಡಿದ್ದ. ಮೇಲಿದ್ದವನು ಕರೆಂಟ್ ತೆಗೆದು ಊಟಕ್ಕೆ ಹೋದ. ಅಂದಿನಿಂದ ಇವನು ‘ಅರ್ಧಮಹಡಿ’.

ಅವನ ಅಪ್ಪನೂ ಲಿಫ್ಟಿನವನೇ. ಎಂಟು ಮಹಡಿಯ ಹಳೆಯ ಆಫೀಸು ಕಟ್ಟಡವೊಂದರಲ್ಲಿ ಮೂವತ್ತೊಂದು ವರ್ಷ ಸ್ಟೂಲಿನ ಮೇಲೆ ಕೂತು ಜನರನ್ನು ಹತ್ತಿಸಿ ಇಳಿಸಿದವನು. ಆಗಿನ ಲಿಫ್ಟಿಗೆ ಗುಂಡಿಗಳಿರಲಿಲ್ಲ, ಒಂದು ಹಿತ್ತಾಳೆಯ ಹಿಡಿ ಮಾತ್ರ. ಈ ಕಡೆ ತಿರುಗಿಸಿದರೆ ಮೇಲೆ, ಆ ಕಡೆ ತಿರುಗಿಸಿದರೆ ಕೆಳಗೆ. ಅದು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದೇ ಕೈಚಳಕ. ಹಿಡಿಯನ್ನು ಕಣ್ಣೆವೆ ಮುಚ್ಚುವಷ್ಟು ಮೊದಲೇ ಬಿಟ್ಟರೂ ಕ್ಯಾಬಿನ್ ಒಂದು ಗೇಣು ಕೆಳಗೇ ನಿಲ್ಲುತ್ತದೆ. ಒಳಗೆ ನಾಲ್ಕು ಜನರಿದ್ದರೆ ಒಂದು ಥರ, ಹತ್ತು ಜನರಿದ್ದರೆ ಇನ್ನೊಂದು ಥರ. ಅಪ್ಪ ಹತ್ತುವವರ ಮೇಲೊಮ್ಮೆ ಕಣ್ಣಾಡಿಸಿ ಭಾರ ಅಂದಾಜು ಮಾಡಿಕೊಳ್ಳುತ್ತಿದ್ದ. ಟ್ರೇ ತುಂಬ ಟೀ ಲೋಟ ಹಿಡಿದವನು ನೆಲ ನೋಡದೆ ಹೊರಗೆ ಕಾಲಿಡುತ್ತಿದ್ದ. ಒಬ್ಬರೂ ಎಡವಿದ್ದಿಲ್ಲ.

ಜನರನ್ನು ಅಪ್ಪ ಮಹಡಿಯಿಂದಲೇ ಗುರುತಿಡುತ್ತಿದ್ದ. “ಏಳನೆಯವರಿಗೆ ಹೆಣ್ಣು ಮಗು ಆಯ್ತಂತೆ,” ಎಂದು ಊಟಕ್ಕೆ ಕೂತಾಗ ವರದಿ ಒಪ್ಪಿಸುತ್ತಿದ್ದ. “ಮೂರನೆಯವರು ಐದನೆಯವಳನ್ನ ಮದುವೆ ಆಗ್ತಾರಂತೆ ಕಣೇ. ಇನ್ಮೇಲೆ ಇಬ್ರೂ ನಾಲ್ಕರಲ್ಲಿ ಇಳೀತಾರೇನೋ!” ಅಮ್ಮ ನಕ್ಕು ನಕ್ಕು, ಬಡಿಸುತ್ತಿದ್ದ ಸೌಟನ್ನು ಪಾತ್ರೆಗೇ ವಾಪಸ್ಸು ಹಾಕುತ್ತಿದ್ದಳು. ಅವಳು ತೀರಿಹೋಗಿ ಆರು ವರ್ಷ. ಆ ನಗು ಮಾತ್ರ ಅಡುಗೆಕೋಣೆಯ ಮೂಲೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅವನಿಗೆ ಇವತ್ತಿಗೂ ಅನಿಸುತ್ತಿತ್ತು.

ಆ ಹಿತ್ತಾಳೆಯ ಹಿಡಿಯನ್ನು ಕಿತ್ತವನು ಯಾರು? ಇವನೇ. ಹಳೆಯ ಲಿಫ್ಟ್ ತೆಗೆದು ಗುಂಡಿಯದ್ದು ಹಾಕುವ ಕೆಲಸ ಇವನ ಕಂಪನಿಗೇ ಸಿಕ್ಕಿ, ಹೋದ ತಂಡದಲ್ಲಿ ಇವನೂ ಇದ್ದ. ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. “ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯೋ,” ಎಂದು ಅಪ್ಪನೇ ಎಣ್ಣೆಯ ಡಬ್ಬಿ ತಂದುಕೊಟ್ಟ. ಆಮೇಲೆ ಎರಡು ವರ್ಷ ಜನರ ಪರವಾಗಿ ಗುಂಡಿ ಒತ್ತುತ್ತಾ ಕೂತು, ನಿವೃತ್ತನಾದ.

ಈಗ ಅಪ್ಪನಿಗೆ ಉಬ್ಬಸ. ಮೆಟ್ಟಿಲು ಇಳಿಯಬಲ್ಲ, ನಾಲ್ಕು ಮಹಡಿ ಹತ್ತಲಾರ. ಇಳಿದರೆ ವಾಪಸ್ಸು ಬರುವುದು ಹೇಗೆಂದು ತಿಂಗಳುಗಳಿಂದ ಬೀದಿಗೆ ಇಳಿದೇ ಇರಲಿಲ್ಲ. ದಿನವಿಡೀ ಕಿಟಕಿಯ ಪಕ್ಕ ಕೂರುತ್ತಿದ್ದ. ಅಲ್ಲಿಂದ ಆ ಹಳೆಯ ಆಫೀಸು ಕಟ್ಟಡದ ತುದಿ, ಅದರ ಮೇಲಿನ ಲಿಫ್ಟ್ ಮೋಟಾರಿನ ಪುಟ್ಟ ಕೋಣೆ ಕಾಣುತ್ತಿತ್ತು. ಅಪ್ಪ ಅದನ್ನೇ ನೋಡುತ್ತಾ ಕೂತಿರುವುದನ್ನು ಕಂಡಾಗಲೆಲ್ಲ ಮಗ ಸದ್ದು ಮಾಡದೆ ಅಡುಗೆಕೋಣೆಗೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಕಂಪನಿ ಅವನನ್ನು ಸಮುದ್ರದ ದಂಡೆಯ ಒಂದು ಊರಿಗೆ ವರ್ಗವಾಗಿ ಹೋಗುತ್ತೀಯಾ ಎಂದು ಕೇಳಿತು. ಮಿಕ್ಕವರೆಲ್ಲ ಒಲ್ಲೆ ಎಂದಮೇಲೆ ತನ್ನನ್ನು ಕೇಳಿದ್ದಾರೆಂದು ಅವನಿಗೆ ಗೊತ್ತಿತ್ತು. ಆ ಊರಿನ ಮಾತೆತ್ತಿದರೆ ಜನ, “ಅಲ್ಲಿ ಈಗಲೂ ಯಾರಾದ್ರೂ ಇದ್ದಾರಾ?” ಎನ್ನುತ್ತಿದ್ದರು. ಹಡಗುಗಳು ಹೊಸ ಬಂದರಿಗೆ ಹೋಗಿ ಇಪ್ಪತ್ತು ವರ್ಷವಾಗಿತ್ತು.

ಒಂದು ಭಾನುವಾರ, ಕಂಪನಿ ಕೆಲಸವೆಂದು ಅಪ್ಪನಿಗೆ ಸುಳ್ಳು ಹೇಳಿ ಹೋಗಿ ನೋಡಿದ. ಇದ್ದಷ್ಟು ಜನಕ್ಕೆ ರಸ್ತೆಗಳು ತೀರಾ ಅಗಲವಾಗಿದ್ದವು, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ. ಉಪ್ಪುಗಾಳಿಗೆ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಮಧ್ಯಾಹ್ನ ಅಂಗಡಿಯವರು ಬಾಗಿಲು ಎಳೆದು ಮಲಗುತ್ತಿದ್ದರು. ದಾರಿ ಕೇಳಿದರೆ ಜೊತೆಗೇ ನಡೆದು ಬಂದು ತೋರಿಸುತ್ತಿದ್ದರು. ತಾನು ಚಿಕ್ಕವನಿದ್ದಾಗ ತನ್ನ ಊರೂ ಹೀಗೇ ಇತ್ತಲ್ಲ, ಅದು ಇಲ್ಲಿಗೆ ಬಂದು ಅಡಗಿಕೊಂಡಿದೆಯೇ ಎಂದು ಅವನಿಗೆ ಸೋಜಿಗವಾಯಿತು. ಇಡೀ ಊರಿನಲ್ಲಿದ್ದ ಲಿಫ್ಟುಗಳು ಹನ್ನೊಂದು.

ಮುಚ್ಚಿದ ಹಡಗು ಆಫೀಸಿನ ಹಿಂದೆ ಒಂದು ಮನೆ ಖಾಲಿ ಇತ್ತು. ಈಗಿನ ಒಂದೂವರೆ ಕೋಣೆಗೆ ತೆರುವ ಬಾಡಿಗೆಯಲ್ಲಿ ಇಲ್ಲಿ ಮೂರು ಕೋಣೆ, ಹಿತ್ತಲು, ಬಾವಿ.

“ಮೆಟ್ಟಿಲು ಎಷ್ಟಿವೆ?” ಎಂದು ಕೇಳಿದ.

ಮನೆಯೊಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಎಲ್ರೂ ಬಾಡಿಗೆ ಎಷ್ಟು ಅಂತಾರೆ, ನೀವು ಮೆಟ್ಟಿಲು ಕೇಳ್ತೀರಲ್ಲಪ್ಪ! ಇರೋದು ಹೊಸ್ತಿಲೊಂದೇ. ಬೇಡ ಅಂದ್ರೆ ಅದನ್ನೂ ಕೀಳಿಸ್ತೀನಿ.”

ತನ್ನ ಮನೆಯ ಫೋನ್ ನಂಬರು ಅವಳಿಗೆ ಬರೆದುಕೊಟ್ಟು ಬಂದ. ಬಂದವನು ಹೋಗುವುದೋ ಬೇಡವೋ ಎಂದು ಎರಡು ತಿಂಗಳು ತೂಗಿದ. ಮ್ಯಾನೇಜರ್ ಕೇಳಿದಾಗಲೆಲ್ಲ, “ಅಪ್ಪ ಒಪ್ಪಲ್ಲ ಸಾರ್,” ಎನ್ನುತ್ತಿದ್ದ. ಆ ಕಿಟಕಿಯಿಂದ ಅಪ್ಪನನ್ನು ಎಬ್ಬಿಸುವುದೆಂದರೆ ಇನ್ನೊಂದು ಸಲ ಆ ಹಿಡಿಯನ್ನು ಕಿತ್ತಂತೆಯೇ ಎಂದು ಅವನ ಮನಸ್ಸಿಗೆ ಕೂತುಬಿಟ್ಟಿತ್ತು. ಕೊನೆಗೆ ಮ್ಯಾನೇಜರ್, “ಶನಿವಾರದೊಳಗೆ ಹೇಳು ಮಾರಾಯ, ಇಲ್ಲಾಂದ್ರೆ ಬೇರೆಯವರನ್ನ ಕಳಿಸ್ತೀನಿ,” ಎಂದ.

ಶುಕ್ರವಾರ ಕೆಲಸ ಬೇಗ ಮುಗಿಯಿತು. ಮಧ್ಯಾಹ್ನವೇ ಮನೆಗೆ ಬಂದು ಮೆಟ್ಟಿಲು ಹತ್ತುತ್ತಿದ್ದವನು ಎರಡನೇ ಮಹಡಿಯಲ್ಲಿ ಗಕ್ಕನೆ ನಿಂತ. ಮೆಟ್ಟಿಲ ಮೇಲೆ ಅಪ್ಪ ಕೂತಿದ್ದ, ಏದುಸಿರು ಬಿಡುತ್ತಾ. ಪಕ್ಕದಲ್ಲಿ ಮೂರನೇ ಮಹಡಿಯ ನಿವೃತ್ತ ಟೀಚರಮ್ಮ ನೀರಿನ ಬಾಟಲಿ ಹಿಡಿದು ನಿಂತಿದ್ದರು.

“ಏನಪ್ಪಾ ಇದು? ಯಾಕೆ ಇಳಿದೆ?”

“ಹದಿನೈದು ದಿನದಿಂದ ನಡೀತಿದೆ ನಿಮ್ಮಪ್ಪನ ಸವಾರಿ,” ಎಂದರು ಟೀಚರಮ್ಮ. “ದಿನಾ ನಮ್ಮನೆ ಬಾಗಿಲವರೆಗೆ ಇಳಿದು ಹತ್ತೋರು. ಇವತ್ತು ಪೌರುಷ ಉಕ್ಕಿ ಇನ್ನೊಂದು ಮಹಡಿ ಇಳಿದಿದ್ದಾರೆ. ಈಗ ಹತ್ತೋಕೆ ಆಗ್ತಿಲ್ಲ.”

ಅಪ್ಪ ಉಸಿರು ಸುಧಾರಿಸಿಕೊಂಡ. “ಆ ಮನೆಯವಳು ಫೋನ್ ಮಾಡಿದ್ಲು ಕಣೋ, ಬರ್ತೀರೋ ಇಲ್ವೋ ಅಂತ. ಬಾವಿ ನೀರು ಸಿಹಿಯಾಗಿದೆಯಂತೆ. ಹೋಗೋ ದಿನ ನನ್ನನ್ನ ಮೂಟೆ ಥರ ಹೊತ್ಕೊಂಡು ಇಳಿಸೋದು ಬೇಡ ಅಂತ ಅಭ್ಯಾಸ ಮಾಡ್ತಿದ್ದೆ.”

“ನನಗ್ಯಾಕೆ ಹೇಳ್ಲಿಲ್ಲ?”

“ನೀನು ನನಗೆ ಹೇಳಿದ್ಯಾ?”

ಅವನು ಗೋಡೆಗೆ ಒರಗಿದ. “ನೀನು ಒಪ್ಪಲ್ಲ ಅಂದ್ಕೊಂಡೆ. ದಿನಾ ಆ ಕಟ್ಟಡ ನೋಡ್ತಾ ಕೂತಿರ್ತೀಯಲ್ಲ...”

“ಕಿಟಕಿ ಆ ಕಡೆಗಿದೆ, ಅದಕ್ಕೆ ಆ ಕಡೆ ನೋಡ್ತೀನಿ. ಈ ಕಡೆಗಿದ್ದಿದ್ರೆ ಟೀಚರಮ್ಮ ಬಟ್ಟೆ ಒಣಗಿಸೋದು ನೋಡ್ತಿದ್ದೆ.”

“ನೋಡಿ ನೋಡಿ, ಕಣ್ಣಿಗೆ ಸೋಪು ನೀರು ಬೀಳುತ್ತೆ,” ಎಂದರು ಟೀಚರಮ್ಮ.

“ಅಮ್ಮ ಇದ್ದ ಮನೆ ಅಪ್ಪಾ,” ಎಂದ ಮಗ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಅಪ್ಪ ಬಾಟಲಿ ತೆಗೆದುಕೊಂಡು ಒಂದು ಗುಟುಕು ನೀರು ಕುಡಿದ. “ನಿಮ್ಮಮ್ಮ ಈ ಮೆಟ್ಟಿಲಿಗೆ ಶಾಪ ಹಾಕದ ದಿನ ಇರ್ಲಿಲ್ಲ. ‘ಊರೋರನ್ನೆಲ್ಲ ಕೂತಲ್ಲೇ ಹತ್ತಿಸ್ತೀರಿ, ಕಟ್ಕೊಂಡೋಳನ್ನ ಮಾತ್ರ ನಡೆಸ್ತೀರಿ’ ಅಂತಿದ್ಲು. ನೆಲದ ಮೇಲೊಂದು ಮನೆ ಮಾಡ್ತೀನಿ ಅಂದಿದ್ದೆ ಅವಳಿಗೆ. ನನ್ನ ಕೈಲಿ ಆಗ್ಲಿಲ್ಲ. ನಿನ್ನ ಕೈಲಿ ಆಗುತ್ತೆ, ನೀನು ನೋಡಿದ್ರೆ ನನ್ನ ಹೆಸರು ಹೇಳ್ಕೊಂಡು ಕೂತಿದ್ದೀಯ.”

ಅವನು ಮೆಟ್ಟಿಲ ಕೈಹಿಡಿಯ ಮೇಲೆ ಕೈಯಿಟ್ಟ. ತಾಯಿಯ ಅಂಗೈ ಸವೆಸಿದ ಮರ. ಎರಡು ತಿಂಗಳು ತೂಗಿದ್ದು ಯಾರನ್ನು ಎಂದು ಆಗ ತಿಳಿಯಿತು. ಅಡುಗೆಕೋಣೆಯ ಆ ಮೂಲೆಯನ್ನು ಬಿಟ್ಟು ಹೋಗಲು ಹೆದರಿದವನು ಅಪ್ಪನಾಗಿರಲಿಲ್ಲ.

“ನಡಿ, ಮೇಲಕ್ಕೆ ಹೋಗೋಣ. ನಾನು ಹಿಡ್ಕೋತೀನಿ.”

“ಮೇಲಕ್ಕೆ ಆಗಲ್ಲ. ಕೆಳಕ್ಕಾದ್ರೆ ಬರ್ತೀನಿ.”

ಇಳಿದರು. ಎಂಟು ತಿಂಗಳ ಮೇಲೆ ಅಪ್ಪ ಬೀದಿಗೆ ಕಾಲಿಟ್ಟ. ಟೀ ಅಂಗಡಿಯವನು ಕುರ್ಚಿ ಹಾಕಿ, “ಏನ್ ಯಜಮಾನ್ರೇ, ಆಕಾಶದಲ್ಲಿ ಬೇಜಾರಾಯ್ತಾ?” ಎಂದ. ಸಂಜೆ ಅದೇ ಕುರ್ಚಿಯಲ್ಲಿ ನಾಲ್ಕು ಜನ ಹೊತ್ತು ಮೇಲೆ ಬಿಡುವುದೆಂದು ಮಾತಾಯಿತು. ಅಪ್ಪ ಬಸ್ಸು, ಸೈಕಲ್ಲು, ಚಪ್ಪಲಿ ಹೊಲಿಯುವವನು, ಎಲ್ಲವನ್ನೂ ಹೊಸದಾಗಿ ನೋಡುತ್ತಾ ಕೂತ.

ಮಗ ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದ. “ಒಂದನೇ ತಾರೀಕಿಗೆ ಹೋಗ್ತೀವಿ ಸಾರ್. ಹೌದು, ಇಬ್ರೂ. ಅಪ್ಪ ಯಾವಾಗ್ಲೋ ಒಪ್ಪಿದ್ರು ಸಾರ್, ನಾನೇ...” ಫೋನ್ ಇಟ್ಟು, ರಸ್ತೆಯ ಕಡೆ ಮುಖ ತಿರುಗಿಸಿದ.

ಅಪ್ಪ ಲೋಟವನ್ನು ಅವನತ್ತ ಸರಿಸಿದ. “ಟೀ ಕುಡಿದು ಅಳೋ. ಆರಿಹೋಗುತ್ತೆ.”