ಬೆಲ್ಟಿನ ಮೇಲೆ ತುಂಬಿದ ಉಡಿ

ನಮ್ಮ ಇಂಡಿ ಕಡೆ ಕಾರಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡರೆ ಗಾಡಿ ಹೊಡೆಯುವವನಿಗೆ ಸಿಟ್ಟು ಬರುತ್ತದೆ. "ಯಾಕ್ರಿ, ನನ್ನ ಮ್ಯಾಲ ಭರೋಸ ಇಲ್ಲೇನ್ರಿ?" ಎಂದು ಕೇಳುತ್ತಾನೆ. ಪೊಲೀಸರು ನಿಲ್ಲುವ ಸರ್ಕಲ್ ಬಂದಾಗ ಎಳೆದುಕೊಳ್ಳುವುದು, ದಾಟಿದ ಕೂಡಲೇ ಬಿಡುವುದು. ದಂಡಕ್ಕೆ ಹುಟ್ಟಿದ ಭಕ್ತಿ ಅಷ್ಟು ದೂರವೇ ಹೋಗುತ್ತದೆ.

ಅಕ್ಕ ಹಾಗಲ್ಲ, ತಪ್ಪದೆ ಹಾಕಿಕೊಳ್ಳುತ್ತಿದ್ದಳು. "ವಿಮಾನಾ ಹತ್ತೀದಿಯೇನು?" ಎಂದು ನಾನು ಕಾಡಿಸುತ್ತಿದ್ದೆ. ಒಂದು ವರ್ಷ ದೀಪಾವಳಿಗೆ ಬಂದವಳು ಮುದ್ದೇಬಿಹಾಳದ ಗಂಡನ ಮನೆಗೆ ಹೊರಟಾಗ ಅವ್ವ ಪದ್ಧತಿಯಂತೆ ಉಡಿ ತುಂಬಿದಳು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿಣ ಕೊಂಬು, ಕುಪ್ಪಸದ ಖಣ. ಸೆರಗಿನಲ್ಲಿ ಕಟ್ಟಿದ ಆ ಗಂಟನ್ನು ಗಂಡನ ಮನೆಯ ದೇವರ ಮುಂದೆಯೇ ಬಿಚ್ಚಬೇಕು, ದಾರಿಯಲ್ಲಿ ಒಂದು ಕಾಳೂ ಚೆಲ್ಲಬಾರದು. ಅಕ್ಕ ಕಾರಿನಲ್ಲಿ, ಗಾಡಿ ಹೊಡೆಯುವ ಗಂಡನ ಪಕ್ಕ ಕುಳಿತು ಬೆಲ್ಟು ಎಳೆದಳು. ಅವ್ವ ಕಿಟಕಿಯಿಂದ ಕೈ ಹಾಕಿ ತಡೆದಳು.

"ಉಡಿ ಬಿಚ್ಚೀತು. ಬಿಡವ್ವ ಅದನ್ನ."

ಅಕ್ಕ ಬಿಟ್ಟಳು.

ಬಸವನ ಬಾಗೇವಾಡಿ ದಾಟಿದ ಮೇಲೆ, ಮಬ್ಬುಗತ್ತಲೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಕಾರು ಬಡಿಯಿತು. ಬೆಲ್ಟು ಹಾಕಿದ್ದ ಅವಳ ಗಂಡನಿಗೆ ತೋಳು ಮುರಿಯಿತು. ಅಕ್ಕ ಉಳಿಯಲಿಲ್ಲ. ನಾವು ಹೋಗಿ ನೋಡಿದರೆ ಕಾರಿನ ತುಂಬ ಅಕ್ಕಿ. ಅವ್ವ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಕಾಳು ಆರಿಸತೊಡಗಿದಳು. ಟ್ರ್ಯಾಲಿ ನಿಲ್ಲಿಸಿದವನ ಮೇಲೆ, ದೇವರ ಮೇಲೆ, ಪದ್ಧತಿಯ ಮೇಲೆ ನನಗೆ ಬೆಂಕಿಯಂಥ ಸಿಟ್ಟು ಬಂತು. ಅವ್ವನ ಮೇಲೆ ಬರಲಿಲ್ಲ. ಅವಳ ಮುಖ ನೋಡಿದವರಿಗೆ ಬರುವಂತಿರಲಿಲ್ಲ.

ಆಮೇಲೆ ಅವ್ವ ಯಾರಿಗೂ ಉಡಿ ತುಂಬಲಿಲ್ಲ. ಓಣಿಯವರು ಕರೆದರೆ ಮೈಯಲ್ಲಿ ನೆಟ್ಟಗಿಲ್ಲ ಎನ್ನುತ್ತಿದ್ದಳು.

ಅಂದು ನಮ್ಮಲ್ಲೇ ಉಳಿದಿದ್ದ ಅಕ್ಕನ ಪುಟ್ಟ ಮಗಳು ಅವ್ವನ ಕೈಯಲ್ಲೇ ಬೆಳೆದಳು. ಹೋದ ವರ್ಷ ಅವಳ ಮದುವೆಯಾಯಿತು. ನಮ್ಮ ಮನೆಯಿಂದ ಸಿಂದಗಿಯ ಗಂಡನ ಮನೆಗೆ ಹೊರಡುವ ಮುಂಚೆ ಹುಡುಗಿ ಉಡಿಗಾಗಿ ಮಣೆಯ ಮೇಲೆ ಕುಳಿತಳು. ತುಂಬಲು ಅವ್ವನೇ ಎದ್ದು ಬಂದಳು.

"ಇಲ್ಲಿ ಬ್ಯಾಡ. ಗಾಡ್ಯಾಗ ಕುಂದ್ರು," ಎಂದಳು.

ಕಾರಿನಲ್ಲಿ ಕೂರಿಸಿ, ತಾನೇ ಬೆಲ್ಟು ಸಿಕ್ಕಿಸಿದಳು. ಅದರ ಮೇಲೆ ಸೆರಗು ಹಾಸಿ ಅಕ್ಕಿ ಹಾಕಿದಳು.

"ಇದ್ಯಾವ ಪದ್ಧತಿನವ್ವ?" ಎಂದು ಬೀಗಿತ್ತಿ ಮುಖ ಸಿಂಡರಿಸಿದಳು. ಅವ್ವ ಇನ್ನೊಂದು ಬೊಗಸೆ ಅಕ್ಕಿ ಹಾಕಿದಳು.

"ಆಯಿ, ಕಾಳು ಚೆಲ್ಲಾಕತ್ತಾವು," ಎಂದು ಹುಡುಗಿ ಅಜ್ಜಿಯ ಕೈ ಹಿಡಿದಳು.

"ಚೆಲ್ಲಲಿ. ಉಡಿ ಮತ್ತ ತುಂಬಬಹುದು."

ಈಗ ನಮ್ಮ ಓಣಿಯಲ್ಲಿ ಯಾರ ಮನೆಯ ಮಗಳು ಹೊರಟರೂ ಮೊದಲು ಬೆಲ್ಟು, ಆಮೇಲೆ ಉಡಿ. ಯಾರೂ ದಂಡದ ಮಾತೆತ್ತಿಲ್ಲ. ಅವ್ವ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಬೆಲ್ಟು ಸಿಕ್ಕಿಸಿದ ಸದ್ದು ಕೇಳಿದ ಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಆ ಹೊತ್ತು ಊಟಕ್ಕೆ ಏಳುವುದಿಲ್ಲ.