ಮಿಯಾಪುರದ ಸಮುದ್ರಕ್ಕೆ ಪಾಚಿ ಹಿಡಿದದ್ದು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಬಹಳ ವರ್ಷ ಇದನ್ನು ಒಳ್ಳೆಯ ಗುಣವೆಂದೇ ತಿಳಿದಿದ್ದೆ. ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಮಾಡುವವನಿಗೆ ಅದು ಗುಣವೇ. ಮಾತ್ರೆಯ ಮೇಲೆ ಒಂದು ಚುಕ್ಕೆ ಕಂಡರೂ ಎಲ್ಲವನ್ನೂ ತಡೆದು ನಿಲ್ಲಿಸುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ. ಅದೇ ಚಾಳಿಯನ್ನು ಮನೆಗೂ ತಂದದ್ದು ತಪ್ಪಾಯಿತು.

ನಾನು ಕಲಬುರಗಿಯವನು. ಕಾಲೇಜು ಸೇರುವವರೆಗೆ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ಹೆಂಡತಿ ಶೈಲಾ ಹೊನ್ನಾವರದವಳು. ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು, ಮದುವೆಯಾದ ಮೇಲೆ ಕೆಲಸ ಬಿಟ್ಟು ಹೈದರಾಬಾದಿನ ಮಿಯಾಪುರದ ನಮ್ಮ ಒಂಬತ್ತನೆಯ ಮಹಡಿಯ ಮನೆಗೆ ಬಂದಳು. ಹೋದ ವರ್ಷ ಉಪ್ಪಲ್‌ನ ಶಾಲೆಯೊಂದು ಅವಳನ್ನು ಕರೆಯಿತು. “ಊರಿನ ಆ ತುದಿಗೆ ದಿನಾ ಮೆಟ್ರೋದಾಗ ಹೋಗಿಬರೂದು ಆಗೂದಿಲ್ಲ ಬಿಡು” ಎಂದೆ. ಅವಳು ವಾದ ಮಾಡಲಿಲ್ಲ. ಆದರೆ ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಆ ಮೌನಕ್ಕೆ ನಾನು ಕಂಡುಕೊಂಡ ಮದ್ದು, ಉಪ್ಪುನೀರಿನ ಮೀನಿನ ತೊಟ್ಟಿ. ಕಡಲತೀರದವಳಿಗೆ ಕಡಲನ್ನೇ ತಂದುಕೊಟ್ಟರೆ ಮುಗಿಯಿತಲ್ಲ ಎಂದುಕೊಂಡೆ. ಇಷ್ಟು ದೊಡ್ಡ ದಡ್ಡತನ ಹೊಳೆಯುವುದಕ್ಕೂ ಸ್ವಲ್ಪ ಓದಿರಬೇಕು.

ತೊಟ್ಟಿ ಬಂತು, ಕಲ್ಲು ಬಂತು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು ಬಂದವು, ಗಾಜಿಗೆ ಅಂಟಿಕೊಂಡು ತೆವಳುವ ನಾಲ್ಕು ಶಂಖದ ಹುಳುಗಳೂ ಬಂದವು. ಶೈಲಾ ಬಾಗಿಲಲ್ಲಿ ನಿಂತು ನೋಡಿದಳು. “ನಾ ಕೇಳಿದ್ನಾ?” ಎಂದಷ್ಟೇ ಹೇಳಿ ಒಳಗೆ ಹೋದಳು.

ಎರಡು ವಾರದಲ್ಲಿ ಮರಳಿನ ಮೇಲೆ ಕಂದು ಬಣ್ಣದ ಪುಡಿ ಹರಡಿತು. ಒರೆಸಿದೆ. ಮರುದಿನ ಮತ್ತೆ ಬಂತು. ಪುಸ್ತಕ ತೆರೆದು ನೋಡಿದರೆ, ಅದು ಡಯಾಟಮ್ ಎಂಬ ಜೀವಿಯಂತೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೂ ನೀರಿನಲ್ಲಿ ಕರಗಿದ ಕಲ್ಲಿನ ಅಂಶದಿಂದ ತನ್ನ ಸುತ್ತ ಗಾಜಿನ ಗೂಡು ಕಟ್ಟಿಕೊಳ್ಳುತ್ತದೆ. ಹೈದರಾಬಾದಿನ ಬಂಡೆಗಳ ನಡುವಿನಿಂದ ಮೇಲೆತ್ತಿದ ಬೋರ್‌ವೆಲ್ ನೀರಿಗೆ ಉಪ್ಪು ಬೆರೆಸಿ ಸುರಿದವನು ನಾನೇ. ಮನೆ ಕಟ್ಟಲು ಸಾಮಗ್ರಿ ಒದಗಿಸಿ, ಆಮೇಲೆ ದಿನವೂ ಮನೆ ಕೆಡವುತ್ತಿದ್ದವನೂ ನಾನೇ. ಕಂದು ಹೋಗುವಷ್ಟರಲ್ಲಿ ಹಸಿರು ಬಂತು. ಕಲ್ಲುಗಳಿಗೆಲ್ಲ ಕೂದಲು ಬೆಳೆಯಿತು.

ನಾಂಪಲ್ಲಿಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಖಲೀಲ್ ಭಾಯಿ ಬೀದರಿನವರು. ಅವರ ಬಳಿ ದೂರಿಕೊಂಡೆ.

“ಹೊಸಾ ತೊಟ್ಟಿ ಅಂದಮ್ಯಾಗ ಪಾಚಿ ಬರ್ತೈತ್ರಿ. ಛಲೋ ನೀರು ಹಾಕ್ರಿ, ಲೈಟ್ ಕಮ್ಮಿ ಮಾಡ್ರಿ, ಶಂಖದ ಹುಳಾ ತಿಂತಾವ” ಎಂದರು.

“ಎಷ್ಟು ದಿನಾ ಬೇಕ್ರಿ?”

“ಎರಡು ತಿಂಗಳು, ಮೂರು ತಿಂಗಳು. ನೀವು ಭಾಳ ಕೈ ಹಾಕಾಕತ್ತೀರಿ, ಸಾಬ್.”

ಈ ನಡುವೆ ನನಗೆ ಗೊತ್ತಿಲ್ಲದ ಒಂದು ಸಂಗತಿ ನಡೆಯುತ್ತಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ಶೈಲಾ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಯಾವ ಹುಳು ಯಾವ ಕಲ್ಲಿನ ಮೇಲೆ ಎಷ್ಟು ದೂರ ಮೇಯ್ದಿದೆ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಡುತ್ತಿದ್ದಳು. ಇದು ನನಗೆ ತಿಳಿದದ್ದು ಆಮೇಲೆ.

ಒಂದು ಭಾನುವಾರ ಅವಳು ಸಂತೆಗೆ ಹೋಗಿದ್ದಾಗ, ಬೇರೊಂದು ಅಂಗಡಿಯಿಂದ ತಂದ ಪಾಚಿನಾಶಕವನ್ನು ಸುರಿದೆ. ಅದು ಸಿಹಿನೀರಿನ ತೊಟ್ಟಿಗೆ ಮಾಡಿದ್ದು, ಅದರಲ್ಲಿ ತಾಮ್ರವಿತ್ತು. ಮೀನುಗಳಿಗೆ ಏನೂ ಆಗಲಿಲ್ಲ. ಶಂಖದ ಹುಳುಗಳು ಮಾತ್ರ ಮರುದಿನ ಬೆಳಿಗ್ಗೆ ಒಂದೊಂದಾಗಿ ಗಾಜಿನಿಂದ ಕಳಚಿ ಮರಳಿಗೆ ಬಿದ್ದಿದ್ದವು.

ಶೈಲಾ ಉಡುಪಿನ ತೋಳನ್ನು ಮೇಲೆ ಸರಿಸಿ ನಾಲ್ಕನ್ನೂ ಹೊರತೆಗೆದು ತಟ್ಟೆಯಲ್ಲಿಟ್ಟಳು. ಬಾಟಲಿಯನ್ನು ಕೈಗೆತ್ತಿಕೊಂಡು ಓದಿದಳು. ಶಂಖದ ಹುಳು, ಸೀಗಡಿ ಇರುವ ನೀರಿಗೆ ಹಾಕಬಾರದೆಂದು ಅದರ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು.

“ಓದ್ಲಿಲ್ವಾ? ದಿನಾ ನೀವು ಮಾಡೂ ಕೆಲ್ಸಾನೇ ಇದು” ಎಂದಳು. ಬಾಟಲಿಯನ್ನು ಕೆಳಗಿಟ್ಟಳು. “ನಿಮ್ಗೆ ಚಂದ ಕಾಣೂದು ಬೇಕಿತ್ತು, ಅಷ್ಟೇ. ಉಪ್ಪಲ್ ಶಾಲೆಯವ್ರು ಮತ್ತೆ ಫೋನ್ ಮಾಡಿದ್ರು. ನಾ ಹೂಂ ಅಂದೆ.”

ಅವಳು ಕೇಳಲಿಲ್ಲ, ತಿಳಿಸಿದಳು. ಈಗ ಬೆಳಿಗ್ಗೆ ನಾನು ಏಳುವ ಮೊದಲೇ ಮೆಟ್ರೋ ಹತ್ತುತ್ತಾಳೆ. ಆಗುವುದಿಲ್ಲವೆಂದು ನಾನು ಹೇಳಿದ್ದ ದೂರ ಅವಳಿಗೆ ಆಗುತ್ತದೆ.

ಹೊಸ ಹುಳು ತರೋಣವೆಂದು ಖಲೀಲ್ ಭಾಯಿಯ ಹತ್ತಿರ ಹೋದೆ. “ಕಲ್ಲು ತಾಮ್ರಾ ಕುಡದಾವ್ರಿ. ಆ ತೊಟ್ಟ್ಯಾಗ ಹುಳಾ ಇನ್ನ ಬದುಕೂದಿಲ್ಲ” ಎಂದರು. ಅಷ್ಟು ಮೆತ್ತಗೆ ಹೇಳದಿದ್ದರೆ ಚೆನ್ನಾಗಿತ್ತು.

ಮೂರು ತಿಂಗಳಾದ ಮೇಲೆ ಗಾಜು ತಿಳಿಯಾಯಿತು. ಮೊನ್ನೆ ಸಂಜೆ ತೋರಿಸಲೆಂದು ಶೈಲಾಳನ್ನು ಕರೆದೆ. ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡೇ ಬಂದಳು. “ಹೌದು, ಸ್ವಚ್ಛ ಆಗಿದೆ” ಎಂದಳು. ಪಕ್ಕದ ಮೇಜಿನ ಮುಂದೆ ಕೂತು ಕೆಂಪು ಪೆನ್ನು ತೆಗೆದಳು.

“ಅದ್ರ ಲೈಟ್ ಆರ್ಸ್ತೀರಾ? ಕಣ್ಣಿಗೆ ಹೊಡೀತದೆ.”

ಆರಿಸಿದೆ. ಮೀನುಗಳು ಕಾಣದಾದವು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ, ಅವಳು ತಾನಾಗಿ ಕೇಳಿದ್ದನ್ನು ಎದುರು ಮಾತಿಲ್ಲದೆ ನಾನು ಮಾಡಿದ್ದು ಬಹುಶಃ ಅದೇ ಮೊದಲು. ಅವಳು ಅದನ್ನು ಗಮನಿಸಲಿಲ್ಲ. ಮೂರನೆಯ ಉತ್ತರಪತ್ರಿಕೆಗೆ ಬಂದಿದ್ದಳು.