ವೇದಿಕೆಯಲ್ಲಿ ನಾನು ಓದಿದ ಚೀಟಿ

ಜುವಾರಿ ನದಿಯ ಹೊಸ ಸೇತುವೆಯ ಮೇಲೆ ವಾಹನಗಳು ಓಡತೊಡಗಿದ ವರ್ಷ ನಾನು ಗೋವಾದ ಒಂದು ಪುಟ್ಟ ಕನ್ನಡ ಪ್ರಕಾಶನದಲ್ಲಿ ಸಂಪಾದಕನಾಗಿದ್ದೆ. ಸಂಪಾದಕ ಎಂದರೆ ಹಸ್ತಪ್ರತಿ ತಿದ್ದುವವನು, ಪ್ರೂಫ್ ನೋಡುವವನು, ಬಿಡುಗಡೆಯ ದಿನ ಕುರ್ಚಿ ಹಾಕಿಸುವವನು, ಎಲ್ಲ ನಾನೇ.

ಬಂದರಿನಲ್ಲಿ ಕ್ರೇನ್ ನಡೆಸುವ ಶಿವಾನಂದನ ಮೊದಲ ಕಾದಂಬರಿ ತಂದೆವು. ಕೊರ್ತಾಲಿಮ್‌ನ ಒಂದೇ ಖೋಲಿಯಲ್ಲಿ ಹನ್ನೆರಡು ವರ್ಷ ಕಳೆದ ಇಬ್ಬರು ಕೂಲಿಕಾರರ ಕಥೆ. ಒಬ್ಬ ತೀರಿಕೊಳ್ಳುತ್ತಾನೆ, ಇನ್ನೊಬ್ಬ ಮದುವೆಯಾಗದೆ ಉಳಿಯುತ್ತಾನೆ. ಏಕೆಂದು ಪುಸ್ತಕ ಹೇಳುವುದಿಲ್ಲ. ಯಾರ ಬದುಕು ನೋಡಿ ಕಥೆ ಹುಟ್ಟಿತೋ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ನಮ್ಮ ರೂಢಿ. ಹಾಗಾಗಿ ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಯಮನಪ್ಪನಿಗೆ ಶಾಲು ಹೊದಿಸಿದೆವು. ಅವನ ಖೋಲಿಯ ಗೆಳೆಯನೂ ಹಾಗೇ ತೀರಿಕೊಂಡಿದ್ದ. ಅವನ ಜೊತೆ ದುಡಿಯುವ ಗ್ಯಾಂಗಿನವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಆಮೇಲೆ ಓದುಗರ ಪ್ರಶ್ನೆಯ ಚೀಟಿಗಳು. ಓದುವವನು ನಾನು. ಸಭೆ ಆಕಳಿಸುತ್ತಿತ್ತು. ಸ್ವಲ್ಪ ರಂಗೇರಲಿ ಎಂದು ಬೇಕೆಂದೇ ಒಂದನ್ನು ಆರಿಸಿದೆ: ನಾಯಕ ಯಾಕೆ ಲಗ್ನ ಆಗಲಿಲ್ಲ?

ಶಿವಾನಂದ ಹುರುಪಿನಲ್ಲಿದ್ದ. "ಅಂವಗ ಆ ಗೆಳ್ಯಾನ ಮ್ಯಾಲೇ ಪ್ರೀತಿ ಇತ್ರಿ, ಗಂಡ-ಹೆಂಡ್ತಿ ಹಂಗ. ಪುಸ್ತಕದಾಗ ಬರದಿಲ್ಲ, ಈಗ ಹೇಳಾಕತ್ತೇನಿ."

ಎಲ್ಲರ ಕಣ್ಣೂ ಯಮನಪ್ಪನ ಮೇಲೆ. ಏನಾದರೂ ಹೇಳಬೇಕಿದ್ದವನು ನಾನು. ವಂದನಾರ್ಪಣೆ ಮಾಡಿ ಸಭೆ ಮುಗಿಸಿಬಿಟ್ಟೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ಮೂರನೇ ದಿನ ಸುದ್ದಿ ಬಂತು. ಗ್ಯಾಂಗಿನವರು ಯಮನಪ್ಪನ ಊಟ ಬೇರೆ ಮಾಡಿದ್ದರು, ಖೋಲಿ ಬಿಡು ಅನ್ನುತ್ತಿದ್ದರು. ಖೋಲಿ ಬಿಟ್ಟರೆ ಗ್ಯಾಂಗೂ ಬಿಟ್ಟಂತೆ, ಕೆಲಸವೂ ಹೋದಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗೊತ್ತಿದ್ದೂ ತೇಪೆ ಹಚ್ಚಲು ಹೊರಟೆ. ಪಾತ್ರ ಬರೀ ಕಲ್ಪನೆ, ಯಾರಿಗೂ ಸಂಬಂಧವಿಲ್ಲ ಎಂದು ಪತ್ರಿಕೆಗೆ ಸ್ಪಷ್ಟೀಕರಣ ಬರೆದು, ಶಿವಾನಂದನ ಸಹಿ ಹಾಕಿಸಿ, ಇಬ್ಬರೂ ಕೊರ್ತಾಲಿಮ್‌ಗೆ, ಯಮನಪ್ಪನ ಖೋಲಿಗೆ ಓಡಿದೆವು. ದಾರಿಯುದ್ದಕ್ಕೂ ಶಿವಾನಂದನದು ಒಂದೇ ಮಾತು: "ನಾ ಪಾತ್ರದ ಬಗ್ಗೆ ಹೇಳೇನ್ರಿ ಸರ್, ಅಂವನ ಬಗ್ಗೆ ಅಲ್ಲ."

ಯಮನಪ್ಪ ಚೀಲ ಕಟ್ಟುತ್ತಿದ್ದ. ಕೆಪೆ ಕಡೆ ಹೊಸ ಸೈಟಿನಲ್ಲಿ ಕೆಲಸ ಹಿಡಿದಿದ್ದನಂತೆ. ನಮ್ಮ ಹಾಳೆಯನ್ನು ಪೂರ್ತಿ ಓದಿ, ಮಡಚಿ ನನಗೇ ಕೊಟ್ಟ.

"ಇದು ಬ್ಯಾಡ್ರಿ ಸಾಹೇಬ್ರ. ಇಂವಾ ಹೇಳಿದ್ದು ಖರೇನ ಐತಿ."

ಪಾತ್ರಕ್ಕೆಂದು ಶಿವಾನಂದ ಊಹಿಸಿದ್ದು ಯಮನಪ್ಪನ ಮಟ್ಟಿಗೆ ನಿಜವಾಗಿತ್ತು.

"ಪುಸ್ತಕ ಮೂರು ಸಲ ಓದೇನ್ರಿ," ಅಂದ ಯಮನಪ್ಪ. "ನನಗೆಲ್ಲಾ ತಿಳೀತು, ಉಳಿದವ್ರಿಗೆ ಏನೂ ತಿಳೀಲಿಲ್ಲ. ಅದರಾಗ ನಾವಿಬ್ರೂ ಭಾಳ ಆರಾಮ ಇದ್ವಿ."

ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದ. ತಡೆಯಲು ನಮ್ಮ ಬಳಿ ಏನೂ ಇರಲಿಲ್ಲ.

ಹಸ್ತಪ್ರತಿಯಲ್ಲಿ ಹೇಳದೆ ಬಿಟ್ಟ ಜಾಗ ಕಂಡರೆ ಅಲ್ಲಿಯವರೆಗೆ 'ಬಿಡಿಸಿ ಬರೆಯಿರಿ' ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಈಗ ಲೇಖಕರನ್ನು ಒಳಗೆ ಕರೆದು, ಬಾಗಿಲು ಹಾಕಿ, ಮೆಲ್ಲಗೆ ಕೇಳುತ್ತೇನೆ: ಇದನ್ನು ಯಾರಿಗಾಗಿ ಬಿಟ್ಟಿದ್ದೀರಿ?